ನೂರನೆಯ ತಲೆ

ತೊಂಬತ್ತೊಂಬತ್ತನೆಯವನು ಕುರ್ಚಿಯಿಂದ ಎದ್ದಾಗ ಗಡಿಯಾರದಲ್ಲಿ ಐದು ಗಂಟೆ ನಲವತ್ತೊಂದು ನಿಮಿಷ. ಗುಮಾಸ್ತ ಅವನ ತಲೆಯನ್ನು ಹಿಡಿದು ಸುತ್ತ ತಿರುಗಿಸಿ ನೋಡಿದ. ಕಿವಿಯ ಹಿಂದೆ ಬೆರಳಾಡಿಸಿದ. ರಕ್ತ ಇಲ್ಲ. ಸೀಮೆಸುಣ್ಣ ತೆಗೆದು ಗೋಡೆಗೆ ಇನ್ನೊಂದು ಗೆರೆ ಎಳೆದ.

"ಒಂದೇ ಬಾಕಿ" ಎಂದ.

ಬೆಂಚು ಖಾಲಿಯಾಗಿತ್ತು.

ಅಂಗಡಿಯವನಿಗೆ ಊರು ಇಟ್ಟ ಹೆಸರು ಬುರುಡೆ. ಓಡುವ ರೈಲಿನ ಕಿಟಕಿಯಿಂದ ಕೈ ಚಾಚಿ ಪಕ್ಕದ ರೈಲಿನವನ ಮೀಸೆ ತಿದ್ದಿದ್ದೇನೆ ಎನ್ನುವ ಆಸಾಮಿ. ಎಂಟು ದಿನದ ಹಿಂದೆ ಮರದ ಸಾಹುಕಾರನ ಗಲ್ಲಕ್ಕೆ ನೊರೆ ಹಚ್ಚುತ್ತ, ಒಂದೇ ಹಗಲಿನಲ್ಲಿ ನೂರು ಜನಕ್ಕೆ ಕಟಿಂಗ್ ಮಾಡಬಲ್ಲೆ ಅಂದುಬಿಟ್ಟ. ಪಂಥ ಅಂದರೆ ಊಟ ಬಿಟ್ಟು ಏಳುವವನು ಸಾಹುಕಾರ. ನೀನು ಗೆದ್ದರೆ ಆಸ್ಪತ್ರೆಯಲ್ಲಿರುವ ಹುಡುಗಿಯ ಕಿಡ್ನಿ ಕಸಿಗೆ ಎಷ್ಟು ಕಮ್ಮಿ ಬಿದ್ದಿದೆಯೋ ಅಷ್ಟೂ ನಾನು ಕೊಡುತ್ತೇನೆ, ಸೋತರೆ ಈ ಅಂಗಡಿ ನನ್ನದು ಎಂದ. ಬುರುಡೆ ಸರಿ ಎಂದ. ಅವನ ಜೀವಮಾನದಲ್ಲಿ ನಗದೆ ಆಡಿದ ಮಾತು ಅದೊಂದೇ ಇರಬೇಕು.

ಬೆಳಗ್ಗೆ ಆರರ ಸೈರನ್ನಿನಿಂದ ಸಂಜೆ ಆರರ ಸೈರನ್ನಿನವರೆಗೆ ಗಡುವು. ಬೇರೆಯವರು ಕೈ ಹಾಕುವಂತಿಲ್ಲ. ಒಂದು ತೊಟ್ಟು ರಕ್ತ ಬಂದರೂ ಪಂಥ ಮುಗಿಯಿತು. ಅರ್ಧಕ್ಕೆ ಎದ್ದುಹೋದ ತಲೆ ಲೆಕ್ಕಕ್ಕಿಲ್ಲ. ಎಣಿಸಲು ಸಾಹುಕಾರ ದೂರದ ಡಿಪೋದಿಂದ ಗುಮಾಸ್ತನನ್ನು ಕರೆಸಿದ್ದ, ಬೀದಿಯವರ ದಾಕ್ಷಿಣ್ಯಕ್ಕೆ ಬೀಳಬಾರದೆಂದು. ಗುಮಾಸ್ತನಿಗೆ ಇಲ್ಲಿ ಒಂದು ಮುಖವೂ ಪರಿಚಯವಿಲ್ಲ. ದುಡ್ಡಿನ ಚೀಲ ಮಾತ್ರ ಬೆಳಗಿನಿಂದ ಅವನ ತೊಡೆಯ ಮೇಲೇ ಇತ್ತು.

ಕನ್ನಡಿಯ ಮೂಲೆಗೆ ಹುಡುಗಿಯ ಫೋಟೊ ಸಿಕ್ಕಿಸಿತ್ತು. ಇಪ್ಪತ್ತೆರಡು ವರ್ಷ, ಮುಂದಿನ ಹಲ್ಲೊಂದು ಸ್ವಲ್ಪ ಅಡ್ಡ. ಬಂದವರೆಲ್ಲ ಅವಳನ್ನೇ ವಿಚಾರಿಸುತ್ತಿದ್ದರು.

"ನಮ್ಮವಳು ಹತ್ರಾನೇ ಕೂತಿದ್ದಾಳೆ. ಅಮ್ಮನ ಕಿಡ್ನಿ ಹೊಂದುತ್ತಂತೆ. ನಾಳೆ ಹತ್ತರೊಳಗೆ ದುಡ್ಡು ಕಟ್ಟಿದ್ರೆ ನಾಡಿದ್ದು ಆಪರೇಷನ್" ಎನ್ನುತ್ತಿದ್ದ ಬುರುಡೆ, ಕತ್ತರಿ ನಿಲ್ಲಿಸದೆ.

ಕಟ್ಟದಿದ್ದರೆ ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ. ಅಷ್ಟು ದಿನ ಅವಳ ಮೈ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕುರ್ಚಿಗೆ ಬಂದು ಕೂತರು, ಅಷ್ಟೇ. ಮಧ್ಯಾಹ್ನ ಏಳೇ ಏಳು ಕೂದಲಿನ ಮುದುಕರೊಬ್ಬರು ಬಂದಾಗ ಗುಮಾಸ್ತ ತಕರಾರು ತೆಗೆದ. ಏಳಾದರೇನು, ನಲವತ್ತು ವರ್ಷದಿಂದ ಸಾಕಿದ್ದೇನೆ ಎಂದು ಅವರು ಜಗಳಕ್ಕೇ ನಿಂತರು. ಲೆಕ್ಕಕ್ಕೆ ಸೇರಿತು.

ಗುಮಾಸ್ತನಿಗೆ ಅನುಮಾನವಿದ್ದದ್ದು ಎದುರಂಗಡಿಯವನ ಮೇಲೆ.

ಅವನೂ ಕಟಿಂಗ್ ಅಂಗಡಿಯವನೇ. ಕದ ಎಳೆದುಕೊಂಡು ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದ. ಊಟಕ್ಕೂ ಏಳಲಿಲ್ಲ. ತನ್ನ ಗಿರಾಕಿಗಳು ಬಂದರೆ ಮಾತಿಲ್ಲದೆ ಕೈಬೀಸಿ ಓಡಿಸುತ್ತಿದ್ದ. ಇಲ್ಲಿ ಗೆರೆ ಬಿದ್ದಾಗಲೆಲ್ಲ ಅಲ್ಲಿ ಅವನು ಬೆರಳು ಮಡಚುತ್ತಿದ್ದ. ಬೆಂಚಿನ ಮೇಲಿದ್ದ ಒಬ್ಬ ಗುಮಾಸ್ತನ ಕಿವಿಯಲ್ಲಿ ವಿಷಯ ಹಾಕಿದ: ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಕೆಲಸ ಕಲಿತವರು. ಗುರು ಸತ್ತಾಗ ಅವನ ಕತ್ತಿ ಮಸೆಯುವ ಚರ್ಮದ ಪಟ್ಟಿ ಯಾರಿಗೆ ಎಂದು ಜಗಳವಾಯಿತು. ಪಟ್ಟಿ ಬುರುಡೆಯ ಗೋಡೆಗೆ ಬಂತು, ಮಾತು ನಿಂತಿತು. ಹತ್ತೊಂಬತ್ತು ವರ್ಷ. ಮೊದಲು ಇವನ ತಲೆ ಅವನು, ಅವನ ತಲೆ ಇವನು ಮಾಡುತ್ತಿದ್ದರು. ಆಮೇಲೆ ಇಬ್ಬರೂ ಕಟಿಂಗಿಗೆ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗತೊಡಗಿದರು. ಎದುರಂಗಡಿಯವನು ಆರು ತಿಂಗಳಿಂದ ಅಲ್ಲಿಗೂ ಹೋಗಿಲ್ಲ, ಕೂದಲು ಕಾಲರಿಗೆ ಇಳಿದಿದೆ. ಯಾಕೆ ಅಂದರೆ... ಅಷ್ಟರಲ್ಲಿ ಅವನ ಸರದಿ ಬಂತು, ಎದ್ದುಹೋದ.

ಗುಮಾಸ್ತನಿಗೆ ಅಷ್ಟು ಸಾಕಿತ್ತು. ವೈರಿ ಮುಳುಗುವುದನ್ನು ನೋಡಲು ರಜಾ ಹಾಕಿ ಕೂತಿದ್ದಾನೆ.

ಐದು ನಲವತ್ತನಾಲ್ಕು. ಬುರುಡೆ ಬಾಗಿಲಿಗೆ ಬಂದು ಬೀದಿಯ ಉದ್ದಕ್ಕೂ ನೋಡಿದ. ಕಂಡ ತಲೆಗಳೆಲ್ಲ ಅವನೇ ಕತ್ತರಿಸಿದವು. ಕತ್ತರಿಯ ಬಳೆ ಕೂತಲ್ಲಿ ಹೆಬ್ಬೆರಳು ಬದನೆಕಾಯಿಯಾಗಿತ್ತು, ಒದ್ದೆ ಬಟ್ಟೆ ಸುತ್ತಿಕೊಂಡಿದ್ದ. ನನ್ನ ತಲೆಗೆ ನಾನೇ ಕತ್ತರಿ ಹಾಕಿಕೊಳ್ಳಲೇ ಎಂದು ಕೇಳಿದ. ಗುಮಾಸ್ತ ಆಗುವುದಿಲ್ಲ ಎಂದ.

ಐದು ನಲವತ್ತೇಳಕ್ಕೆ ಎದುರಂಗಡಿಯವನು ಮೆಟ್ಟಿಲಿಂದ ಎದ್ದ. ರಸ್ತೆ ದಾಟಿದ. ಒಳಗೆ ಬಂದು, ಯಾರನ್ನೂ ನೋಡದೆ ಕುರ್ಚಿಯಲ್ಲಿ ಕೂತ.

ಗುಮಾಸ್ತ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡ. ಇವನ ಉಪಾಯ ಈಗ ತಿಳಿಯಿತು. ಅರ್ಧಕ್ಕೆ ಎದ್ದರೂ ಆಯಿತು, ಕತ್ತಿ ತಾಗಿದಾಗ ಕುತ್ತಿಗೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದರೂ ಆಯಿತು.

ಬುರುಡೆ ಬಟ್ಟೆ ಹೊದಿಸಿದ. ಕತ್ತರಿ ಓಡಿತು. ಆರು ತಿಂಗಳ ಕೂದಲು ಕಂತೆ ಕಂತೆಯಾಗಿ ಬಿತ್ತು. ಐದು ಐವತ್ತಾರಕ್ಕೆ ಅವನು ಗೋಡೆಯ ಪಟ್ಟಿಯ ಮೇಲೆ ಕತ್ತಿ ಮಸೆದ. ಕನ್ನಡಿಯಲ್ಲಿ ಎದುರಂಗಡಿಯವನ ಕಣ್ಣು ಆ ಪಟ್ಟಿಯ ಮೇಲೇ ಇತ್ತು.

"ನಿನ್ನ ಕೈ ನಡುಗ್ತಾ ಇದೆ" ಎಂದ. ಹತ್ತೊಂಬತ್ತು ವರ್ಷದಲ್ಲಿ ಆಡಿದ ಮೊದಲ ಮಾತು.

"ನಿನ್ನ ಕತ್ತು ನಡುಗದೆ ಇದ್ರೆ ಸಾಕು."

ಕತ್ತಿ ಹಿಂಗತ್ತಿಗೆ ಇಳಿಯಿತು. ಹನಿಯೊಂದು ಟಪ್ಪೆಂದು ಹೊದಿಸಿದ ಬಟ್ಟೆಯ ಮೇಲೆ ಬಿತ್ತು. ಗುಮಾಸ್ತ ಹಾರಿ ಬಂದು ಬೆರಳಲ್ಲಿ ಒತ್ತಿ ನೋಡಿದ. ಬರೀ ನೀರು. ಎದುರಂಗಡಿಯವನು ಕಣ್ಣು ಮುಚ್ಚಿಕೊಂಡು, ಕಲ್ಲಿನ ಹಾಗೆ ಕೂತಿದ್ದ.

ಬುರುಡೆ ಕತ್ತಿ ಮಡಚಿ ಕೆಳಗಿಟ್ಟ. ಗುಮಾಸ್ತ ಕತ್ತು ನೋಡಿದ, ಕಿವಿ ನೋಡಿದ, ನೂರನೆಯ ಗೆರೆ ಎಳೆದ. ಸೀಮೆಸುಣ್ಣ ಗೋಡೆಯಿಂದ ಎತ್ತುವಷ್ಟರಲ್ಲಿ ಸೈರನ್ ಕೂಗಿತು.

ಅವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬುರುಡೆಗೆ ಚಾಚಿದ. ಮಗಳು ಬೇಗ ಹುಷಾರಾಗಲಿ ಎಂದು ಮನಸಾರೆ ಹೇಳಿದ.

"ನಂಗ್ಯಾಕೆ ಕೊಡ್ತೀರಿ ಸ್ವಾಮಿ? ನಂಗೆ ಮಕ್ಕಳೇ ಇಲ್ಲ" ಎಂದ ಬುರುಡೆ, ಕುರ್ಚಿಯ ಬಟ್ಟೆ ಬಿಚ್ಚುತ್ತ. "ಹುಡುಗಿ ಅಪ್ಪ ಇಲ್ಲೇ ಕೂತಿದ್ದಾನಲ್ಲ, ಅವನ ಕೈಗೆ ಕೊಡಿ."