ರವಿಕೆಯ ತೋಳು

ಮಗಳ ಮುಖ ಇಳಿದಿತ್ತು, ಸೊಂಟ ಇಳಿದಿತ್ತು, ಚೂಡಿದಾರಗಳೆಲ್ಲ ಮೈಮೇಲೆ ಜೋತಾಡುತ್ತಿದ್ದವು. ತೋಳು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸಿ ಭುಜ ನೋಯಿಸಿಕೊಂಡಿದ್ದೇ ಬಂತು. ಗೆಳತಿಯ ಮದುವೆಗೆಂದು ಹಟ ಹಿಡಿದು ಬಿಗಿಯಾಗಿ ಹೊಲಿಸಿದ್ದ ರೇಷ್ಮೆ ರವಿಕೆ ಪ್ರತಿ ಸಲವೂ ಮೊಣಕೈ ದಾಟಿದ ಮೇಲೆ ಸಿಕ್ಕಿಕೊಳ್ಳುತ್ತಿತ್ತು.

"ಒಂದು ತುತ್ತು ಮೊಸರನ್ನ ತಿನ್ನೇ. ನಿನ್ನೆ ಮೆಟ್ಟಿಲ ಮೇಲೇ ತಲೆ ಸುತ್ತಿ ಕೂತ್ಕೊಂಡ್ಬಿಟ್ಟೆ," ಎಂದು ತಾಯಿ ಗೋಗರೆದಳು.

"ಈ ರವಿಕೆ ಏರೋವರೆಗೂ ರಾತ್ರಿ ಊಟದ ಸುದ್ದಿ ಎತ್ತಬೇಡಮ್ಮ."

ತಾಯಿಗೆ ಬೇರೆ ದಾರಿ ಕಾಣಲಿಲ್ಲ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲೆಂದು ದರ್ಜಿ ಎಲ್ಲ ರವಿಕೆಗಳಂತೆ ಇದಕ್ಕೂ ತೋಳಿನೊಳಗೆ ಬಟ್ಟೆ ಬಿಟ್ಟಿದ್ದ. ಮಗಳು ಕಾಲೇಜಿಗೆ ಹೋದ ಮೇಲೆ ಅವಳು ಕನ್ನಡಕ ಏರಿಸಿಕೊಂಡು ಆ ಹೊಲಿಗೆ ಬಿಚ್ಚಿದಳು. ಬಟ್ಟೆಯ ತೀರಾ ಅಂಚಿಗೆ ಹೊಸ ಹೊಲಿಗೆ ಹಾಕಿ, ಹಳೆಯ ಸೂಜಿಯ ಗುರುತು ಕಾಣದಂತೆ ಇಸ್ತ್ರಿ ಮಾಡಿ, ಬೀರುವಿನಲ್ಲಿ ಮೊದಲಿದ್ದ ಹಾಗೇ ಮಡಿಸಿಟ್ಟಳು.

"ಅಮ್ಮಾ, ಬೇಗ ಬಾ ಇಲ್ಲಿ!"

ಸಂಜೆ ಆ ಕೂಗು ಕೇಳಿದ್ದೇ ತಾಯಿ ಕಲಸಿಟ್ಟಿದ್ದ ಮೊಸರನ್ನದ ತಟ್ಟೆ ಹಿಡಿದೇ ಓಡಿದಳು. ರವಿಕೆ ಸಲೀಸಾಗಿ ಏರಿತ್ತು. ಕನ್ನಡಿಯ ಮುಂದೆ ಮಗಳು ನಗುತ್ತ ಅಳುತ್ತಿದ್ದಳು.

"ಸದ್ಯ, ಏರಿತಲ್ಲ! ಬಾ, ಇನ್ನಾದರೂ ಉಣ್ಣು."

ಮಗಳು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನೋಡಿದ್ಯಾ, ರಾತ್ರಿ ಊಟ ಬಿಟ್ಟಿದ್ದಕ್ಕೇ ಇಷ್ಟು ಇಳಿದಿದೆ! ನಾಳೆಯಿಂದ ಮಧ್ಯಾಹ್ನದ್ದೂ ಬಿಟ್ಟುಬಿಡ್ತೀನಿ."