ಎಟಿಯೆನ್ ರಿವಾರನ ರುಜು

“ಕೈ ತೆಗಿ,” ಎಂದಳು ವಾಸೆಕ್ವೆ.

ಸೈಲಸ್ ಟಟಲ್ ತೆಗೆಯಲಿಲ್ಲ. ನೀರುನಾಯಿಯ ಚರ್ಮವನ್ನು ಇನ್ನಷ್ಟು ಸವರಿ, ಮೂಸಿ ನೋಡಿ, ನಕ್ಕ. “ನನ್ನ ಸರಕು ಮುಟ್ಟೋಕೆ ನಿನ್ನ ಅಪ್ಪಣೆ ಬೇಕಾ? ಮಳಿಗೆ ಈಗ ನಂದು. ನಿನ್ನ ಗಂಡನೇ ಬರ್ಕೊಟ್ಟಿದ್ದಾನೆ.”

ಅವನ ಹಿಂದೆ ಕೋಟೆಯ ನ್ಯಾಯಾಧಿಕಾರಿ ತಲೆ ಬಗ್ಗಿಸಿ ಒಳಗೆ ಬಂದ. ಕೈಯಲ್ಲೊಂದು ಕಾಗದ. ಕಲಮಜೂ ಹೊಳೆಯ ದಂಡೆಯ ಮಳಿಗೆಯನ್ನು ದೋಣಿ, ದಾಸ್ತಾನು ಸಮೇತ ಎಟಿಯೆನ್ ರಿವಾರ್ ಎಂಬ ಫ್ರೆಂಚ್ ವ್ಯಾಪಾರಿ ಟಟಲ್‌ಗೆ ಕೊಟ್ಟಿದ್ದಾನೆಂದು ಅದರಲ್ಲಿತ್ತು. ಕೆಳಗೆ ರುಜು.

ವಾಸೆಕ್ವೆ ಪೊಟವಾಟಮಿ ಎಂಬ ಮೂಲನಿವಾಸಿ ಬುಡಕಟ್ಟಿನ ಹೆಂಗಸು. ಅದೇ ದಂಡೆಯಲ್ಲಿ ಹುಟ್ಟಿದವಳು. ಹತ್ತೊಂಬತ್ತು ವರ್ಷದಿಂದ ಚರ್ಮ ತಂದ ತನ್ನ ಜನಕ್ಕೆ ಕಂಬಳಿ, ಪಾತ್ರೆ, ಸೂಜಿ ಕೊಡುತ್ತಿದ್ದವಳು. ತಕ್ಕಡಿಯ ಮೇಲೆ ಹೆಬ್ಬೆರಳು ಒತ್ತಿದವಳಲ್ಲ, ಚರ್ಮಕ್ಕೆ ಬದಲು ಸಾರಾಯಿ ಕೊಟ್ಟವಳಲ್ಲ. ಎರಡು ವರ್ಷದ ಹಿಂದೆ ಆಚೆ ದಂಡೆಗೆ ಬಂದು ಸಾರಾಯಿ ಪೀಪಾಯಿ ಇಟ್ಟ ಟಟಲ್ ನೊಣ ಹೊಡೆಯುತ್ತ ಕೂತಿದ್ದ. ವ್ಯಾಪಾರದ ಪರವಾನಗಿ ಮಾತ್ರ ರಿವಾರನ ಹೆಸರಿನಲ್ಲಿತ್ತು. ಗೋಡೆಯ ಮೇಲೆ ತೂಗುತ್ತಿತ್ತು. ಅವನೆಲ್ಲಿ ಎಂದು ಕೇಳಿದ ಬಿಳಿಯರಿಗೆಲ್ಲ ಅವಳದು ಒಂದೇ ಉತ್ತರ: “ಹೊಳೆ ಮೇಲಕ್ಕೆ ಹೋಗಿದಾನೆ.”

“ಈಗೆಲ್ಲಿದ್ದಾನಮ್ಮ ನಿನ್ನ ಗಂಡ?” ಅಧಿಕಾರಿ ಕೇಳಿದ.

“ಸತ್ತ,” ಎಂದ ಟಟಲ್. “ಡೆಟ್ರಾಯಿಟ್‌ನಲ್ಲಿ, ಈ ಚಳಿಗಾಲ. ಜ್ವರ ಬಂದಿತ್ತು. ನನ್ನ ತೋಳಲ್ಲೇ ಪ್ರಾಣ ಬಿಟ್ಟ.”

ಮೂಲೆಯಲ್ಲಿ ಜೋಳದ ಗಂಜಿ ತಿರುವುತ್ತಿದ್ದ ಮುದುಕಿ ಪಿನೇಶಿಯ ಸೌಟು ನಿಂತಿತು. “ಅಯ್ಯೋ, ಎಂಥಾ ಗಂಡ ಕಣೇ ನಿಂದು! ಒಂದಿನ ಕುಡಿದು ಬಂದೋನಲ್ಲ, ಒಂದೇಟು ಹೊಡೆದೋನಲ್ಲ. ನಂಗೂ ಒಬ್ಬ ಸಿಕ್ಕಿದ್ದ, ಕರಡಿ!”

“ಸುಮ್ನಿರು ಚಿಕ್ಕಮ್ಮ.”

ವಾಸೆಕ್ವೆ ಗೋಡೆಯ ಪರವಾನಗಿಯತ್ತ ನೋಡಿದಳು. ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆಡಿದರೆ ಹತ್ತೊಂಬತ್ತು ವರ್ಷ ನೀರುಪಾಲಾಗಬಹುದು. ಆಡದಿದ್ದರೆ ಖಂಡಿತ ಆಗುತ್ತದೆ. ಈ ದಂಡೆಗೂ ಸಾರಾಯಿ ಬರುತ್ತದೆ.

“ಖಾಲಿ ಮಾಡ್ಬೇಕಾಗುತ್ತಮ್ಮ,” ಅಧಿಕಾರಿ ಮೆಲ್ಲಗೆ ಹೇಳಿದ.

“ಮಾಡ್ತೀನಿ. ಮೊದಲು ಇವನು ಆಣೆ ಇಟ್ಟು ಹೇಳಲಿ. ನೀವು ಬರ್ಕೊಳ್ಳಿ.”

ಅಧಿಕಾರಿ ಬೈಬಲ್ ಚಾಚಿದ. “ಇದನ್ನ ಮುಟ್ಟಿ ಸುಳ್ಳು ಹೇಳಿದ್ರೆ ಜೈಲು, ಗೊತ್ತಲ್ಲ?” ಟಟಲ್ ಅಂಗೈಯನ್ನು ಧಪ್ಪನೆ ಅದರ ಮೇಲಿಟ್ಟ.

“ರಿವಾರ್ ನೋಡೋಕೆ ಹೇಗಿದ್ದ?” ವಾಸೆಕ್ವೆ ಕೇಳಿದಳು.

“ಕುಳ್ಳ. ಎಡಗಿವಿ ಹರಿದಿತ್ತು. ಮಾತು ಜಾಸ್ತಿ.”

“ನನ್ನ ಬಗ್ಗೆ ಏನಾದ್ರೂ ಅಂದ್ನಾ?”

“ಅಂದ. ಜಗಮೊಂಡಿ, ಯಾರ ಮಾತೂ ಕೇಳಲ್ಲ, ಸಾಕಾಗಿ ಹೋಗಿದೆ ಅಂದ.”

“ಅದನ್ನ ಹೇಳೋಕೆ ಗಂಡನೇ ಬೇಕಾ?” ಪಿನೇಶಿ ಗೊಣಗಿದಳು.

“ರುಜು ಹಾಕಿದ್ದನ್ನ ಕಣ್ಣಾರೆ ನೋಡಿದೆಯಾ?” ವಾಸೆಕ್ವೆ ಮತ್ತೆ ಕೇಳಿದಳು.

“ಇದೇ ಕಣ್ಣಿಂದ. ಲೇಖನಿ ಕೊಟ್ಟೋನೇ ನಾನು.”

ಅಧಿಕಾರಿ ಅಷ್ಟನ್ನೂ ಬರೆದುಕೊಂಡ. ಎದ್ದು ಕಾಗದವನ್ನು ಗೋಡೆಯ ಪರವಾನಗಿಯ ಪಕ್ಕ ಹಿಡಿದ. ಹುಬ್ಬು ಗಂಟಾಯಿತು. “ಇಲ್ಲಿ ರುಜು ಓರೆಯಾಗಿದೆ. ನಿನ್ನ ಕಾಗದದಲ್ಲಿ ನೆಟ್ಟಗಿದೆ.”

“ಜ್ವರದಲ್ಲಿ ಕೈ ಮೊದಲಿನ ಹಾಗೇ ಇರುತ್ತಾ ಸ್ವಾಮಿ? ಅದಕ್ಕೇ ವ್ಯತ್ಯಾಸ.” ಟಟಲ್ ನಕ್ಕ.

ವಾಸೆಕ್ವೆ ಮೇಜಿನ ಬಳಿಗೆ ಬಂದಳು. ಮೇಜಿನ ಮೇಲಿದ್ದ ಅಧಿಕಾರಿಯ ಲೇಖನಿಯನ್ನು ಕೇಳದೆಯೇ ಎತ್ತಿಕೊಂಡು, ಅವನು ಬರೆದ ಹೇಳಿಕೆಯ ಕೆಳಗೆ ಒಂದೇ ಎಳೆತಕ್ಕೆ ಗೀಚಿದಳು. ಓರೆ ಅಕ್ಷರ; ಕೊನೆಯದಕ್ಕೊಂದು ಸುಳಿಬಾಲ. ಅಧಿಕಾರಿ ಅದನ್ನು ನೋಡಿದ, ಗೋಡೆಯನ್ನು ನೋಡಿದ, ಮತ್ತೆ ಅದನ್ನು ನೋಡಿದ. ಟಟಲ್‌ನ ನಗು ಅರ್ಧಕ್ಕೇ ನಿಂತಿತು.

“ಪರವಾನಗಿ ಕೇಳೋಕೆ ಹೋದಾಗ ನಿಮ್ಮ ಗುಮಾಸ್ತ ಹೆಂಗಸಿನ ಹೆಸರು ಬರೆಯಲ್ಲ, ಹೋಗಿ ಗಂಡನ ರುಜು ಹಾಕಿಸ್ಕೊಂಡು ಬಾ ಅಂದ,” ಎಂದಳು ವಾಸೆಕ್ವೆ. “ನಾನು ಮದುವೇನೇ ಆಗಿಲ್ಲ ಸ್ವಾಮಿ. ಎಟಿಯೆನ್ ರಿವಾರ್ ಅಂದ್ರೆ ನಾನೇ.”