ರಾಕೆಟ್ ಮೇಲೊಂದು ಹೆಸರು

ರಾಕೆಟ್ ಕಂಪನಿಯ ಕ್ಯಾಂಟೀನಿನಲ್ಲಿ ಪುಕ್ಕಟೆ ಹೋಳಿಗೆ ಕೊಟ್ಟರೂ ಬಿಸಿಯಾದದ್ದು ಸಿಗುವುದು ಪಕ್ಕದ ಟೇಬಲ್ಲಿನ ಪದ್ಮರಾಜನಿಗೇ ಎಂದು ಸುಧೀಂದ್ರನ ಹೊಟ್ಟೆ ಉರಿಯುತ್ತಿತ್ತು. ಕಿಟಕಿ ಪಕ್ಕದ ಕುರ್ಚಿಯೂ ಅವನದೇ.

ಉಡಾವಣೆಗೆ ಮುಂಚೆ ನೌಕರರೆಲ್ಲ ತಮಗೆ ಪ್ರಿಯರಾದ ಒಬ್ಬರ ಹೆಸರನ್ನು ರಾಕೆಟ್ಟಿನ ಮೈಮೇಲೆ ಬರೆಯುವುದು ಅಲ್ಲಿನ ಪದ್ಧತಿ. ಮದುವೆಯೇ ಆಗದ ಪದ್ಮರಾಜ ಯಾರ ಹೆಸರು ಬರೆದಾನು? ಇದೊಂದರಲ್ಲಾದರೂ ಗೆದ್ದೆ ಎಂಬ ಉಬ್ಬಿನಲ್ಲಿ ಸುಧೀಂದ್ರ ಹೆಂಡತಿಯದನ್ನು ಬಿಟ್ಟು ತನ್ನ ಹೆಸರನ್ನೇ ದಪ್ಪಗೆ ಬರೆದುಬಂದ.

ಮನೆಯವರನ್ನು ಕರೆತರುವ ದಿನ ಹೆಂಡತಿ ರಾಕೆಟ್ಟಿನ ಮುಂದೆ ನಿಂತಳು.

"ನನ್ ಹೆಸರು ಎಲ್ಲಿ ಬರ್ದಿದ್ದೀರಿ?"

"ಇಲ್ಲೇ ಎಲ್ಲೋ... ಹುಡುಕ್ಬೇಕು," ಎಂದು ಸುಧೀಂದ್ರ ತಡವರಿಸಿದ.

ಕಾಫಿ ಲೋಟ ಹಿಡಿದು ಹಿಂದೆಯೇ ನಿಂತಿದ್ದ ಪದ್ಮರಾಜ ಮೆಲ್ಲಗೆ ಹೇಳಿದ: "ನಿಮ್ಮ ಹೆಸರು ಎಡಗಡೆ, ಮೂರನೇ ಸಾಲಲ್ಲಿದೆ."